ಗಣಕದ ದಾಖಲೆಯಲ್ಲಿ ಅಗೋಚರ ಅಕ್ಷರಗಳು: ಕನ್ನಡ ಪಠ್ಯದ ದೃಷ್ಟಿಯಿಂದ ಒಂದು ವಿವೇಚನೆ

1. ವಿಷಯ ಪ್ರವೇಶ

ಗಣಕಯಂತ್ರವು ತನ್ನಲ್ಲಿ ನಡೆದ ಸಂಗತಿಗಳನ್ನು, ಅವು ನಡೆದ ಕಾಲದೊಡನೆ, ಒಂದೊಂದು ಸಾಲಾಗಿ ಬರೆದಿಡುವ ಕಡತಕ್ಕೆ ‘ಲಾಗ್’ ಎಂದು ಹೆಸರು. ಯಾರು ಯಾವಾಗ ಒಳಬಂದರು, ಯಾವ ಪದವನ್ನು ಹುಡುಕಿದರು, ಯಾವ ಕಡತವನ್ನು ತೆರೆದರು, ಎಲ್ಲಿ ದೋಷ ಸಂಭವಿಸಿತು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಇದು ಗಣಕ ನಿರ್ವಾಹಕರಿಗೆ ಮಾತ್ರ ಸಂಬಂಧಿಸಿದ ವಸ್ತುವೆಂಬ ಭಾವನೆ ಸಾಹಿತ್ಯಾಧ್ಯಯನದಲ್ಲಿ ತೊಡಗಿದವರಲ್ಲಿ ಸಾಮಾನ್ಯವಾಗಿದೆ. ಆದರೆ ಇಂದು ಕನ್ನಡ ಗ್ರಂಥಸೂಚಿ, ಶಬ್ದಸೂಚಿ, ಶಾಸನಪಾಠಗಳೆಲ್ಲ ಗಣಕದಲ್ಲಿಯೇ ಸಂಗ್ರಹವಾಗುತ್ತಿವೆ. ಕರ್ನಾಟಕದಿಂದ ದೂರದಲ್ಲಿದ್ದು ಕೆಲಸ ಮಾಡುವ ಸಂಶೋಧಕರಿಗೆ ಮೂಲಪ್ರತಿಗಿಂತ ಅದರ ಗಣಕೀಕೃತ ರೂಪವೇ ಹೆಚ್ಚು ಸುಲಭವಾಗಿ ದೊರೆಯುತ್ತದೆ. ಅಂತಹ ಪಠ್ಯವನ್ನು ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಸಾಗಿಸುವಾಗ ಏನು ಉಳಿಯಿತು, ಏನು ಅಳಿಯಿತು ಎಂಬುದಕ್ಕೆ ಲಾಗ್ ಒಂದೇ ಸಾಕ್ಷಿಯಾಗಿರುವ ಪ್ರಸಂಗಗಳುಂಟು.

ಈ ಸಾಕ್ಷಿಯನ್ನು ಓದುವಲ್ಲಿ ಮುಖ್ಯ ತೊಡಕು ‘ಮುದ್ರಣಯೋಗ್ಯವಲ್ಲದ’ ಅಕ್ಷರಗಳದು. ತೆರೆಯ ಮೇಲೆ ಯಾವ ಆಕಾರವನ್ನೂ ಪಡೆಯದ, ಆದರೆ ಕಡತದಲ್ಲಿ ಸ್ಥಾನವನ್ನು ಪಡೆದಿರುವ ಸಂಕೇತಗಳಿವು. ಇವುಗಳನ್ನು ಲಾಗ್ ಹೇಗೆ ನಡೆಸಿಕೊಳ್ಳಬೇಕು, ಕನ್ನಡ ಪಠ್ಯಕ್ಕೆ ಸಂಬಂಧಿಸಿದಂತೆ ಅದರಿಂದ ಒದಗುವ ಲಾಭ ಹಾನಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ‘ಮುದ್ರಣಯೋಗ್ಯತೆ’ ಎಂಬುದು ಅಕ್ಷರದ ಸಹಜ ಗುಣವಲ್ಲ, ಅದನ್ನು ಓದುವ ಯಂತ್ರವು ಮಾಡುವ ತೀರ್ಮಾನ. ಆ ತೀರ್ಮಾನ ತಪ್ಪಿದಾಗಲೂ ಪಾಠ ನಷ್ಟವಾಗದಂತೆ ನೋಡಿಕೊಳ್ಳುವುದೇ ಉತ್ತಮ ಲಾಗಿನ ಲಕ್ಷಣ ಎಂಬುದು ನಮ್ಮ ಪ್ರತಿಪಾದನೆ.

2. ನಿಯಂತ್ರಣ ಸಂಕೇತಗಳು

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಮಾನಕದಲ್ಲಿ 0ರಿಂದ 127ರವರೆಗೆ 128 ಸ್ಥಾನಗಳಿವೆ. ಇವುಗಳಲ್ಲಿ 0ರಿಂದ 31ರವರೆಗಿನ 32 ಸ್ಥಾನಗಳೂ ಕೊನೆಯ 127ನೆಯದೂ ಸೇರಿ 33 ಸ್ಥಾನಗಳು ಅಕ್ಷರಗಳಲ್ಲ. ದೂರಮುದ್ರಕ ಯಂತ್ರಕ್ಕೆ ಕೊಡುವ ಆದೇಶಗಳು. 7 ಎಂದರೆ ಗಂಟೆ ಬಾರಿಸು, 8 ಎಂದರೆ ಒಂದು ಸ್ಥಾನ ಹಿಂದೆ ಸರಿ, 10 ಎಂದರೆ ಮುಂದಿನ ಸಾಲಿಗೆ ಹೋಗು, 13 ಎಂದರೆ ಸಾಲಿನ ಆರಂಭಕ್ಕೆ ಮರಳು, 27 ಎಂದರೆ ಮುಂದೆ ಬರುವುದನ್ನು ಆದೇಶವೆಂದು ತಿಳಿ. 127ರ ಕಥೆ ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ಸ್ವಾರಸ್ಯಕರವಾದುದು. ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಬರೆಯುತ್ತಿದ್ದ ಕಾಲದಲ್ಲಿ ತಪ್ಪಿದ ಅಕ್ಷರವನ್ನು ಅಳಿಸಲು ಆ ಸ್ಥಾನದ ಏಳೂ ರಂಧ್ರಗಳನ್ನು ಕೊರೆದುಬಿಡುತ್ತಿದ್ದರು. ಏಳೂ ರಂಧ್ರಗಳು ತುಂಬಿದ ಸಂಖ್ಯೆಯೇ 127. ಅಳಿಸಿದುದರ ಗುರುತು ಹೀಗೆ ತಾನೇ ಒಂದು ಸಂಕೇತವಾಗಿ ಉಳಿಯಿತು.

ಈ ಆದೇಶಗಳು ಲಾಗಿನೊಳಗೆ ಹಾಗೆಯೇ ಸೇರಿದರೆ ಅಪಾಯವುಂಟು. ಲಾಗಿನಲ್ಲಿ ಒಂದು ಸಾಲು ಒಂದು ಘಟನೆಗೆ ಸಮ. ಬಳಕೆದಾರನೊಬ್ಬನು ತನ್ನ ಹೆಸರನ್ನು ಕೊಡಬೇಕಾದಲ್ಲಿ ಹೆಸರಿನ ನಡುವೆ 10ನೆಯ ಸಂಕೇತವನ್ನು ಸೇರಿಸಿ, ಅದರ ಮುಂದೆ ಲಾಗಿನ ಸಾಲನ್ನೇ ಹೋಲುವ ವಾಕ್ಯವನ್ನು ಬರೆದರೆ, ನಡೆಯದ ಘಟನೆಯೊಂದು ನಡೆದಂತೆ ದಾಖಲಾಗುತ್ತದೆ. ಇದು ಪ್ರಕ್ಷಿಪ್ತ ಪಾಠಕ್ಕೆ ಸಮಾನವಾದುದು. ತಂತ್ರಾಂಶ ದೋಷಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ‘ಸಿಡಬ್ಲ್ಯುಇ-117’ ಎಂಬ ಸಂಖ್ಯೆಯಿದೆ. 13ನೆಯ ಸಂಕೇತವು ಸಾಲಿನ ಆರಂಭಕ್ಕೆ ಮರಳಿ ಮೊದಲು ಬರೆದುದರ ಮೇಲೆಯೇ ಬರೆಯುವಂತೆ ಮಾಡುವುದರಿಂದ, ಕಡತದಲ್ಲಿ ಎರಡು ಪಾಠಗಳಿದ್ದರೂ ತೆರೆಯ ಮೇಲೆ ಎರಡನೆಯದು ಮಾತ್ರ ಕಾಣುತ್ತದೆ. 27ನೆಯ ಸಂಕೇತವು ಬಣ್ಣ ಬದಲಿಸಬಲ್ಲದು, ತೆರೆಯನ್ನು ಒರೆಸಬಲ್ಲದು. ಲಾಗನ್ನು ಓದುವ ತೆರೆಯನ್ನೇ ಹೀಗೆ ವಂಚಿಸಬಹುದೆಂಬುದನ್ನು 2003ರಲ್ಲಿ ಎಚ್. ಡಿ. ಮೂರ್ ವಿಸ್ತಾರವಾಗಿ ತೋರಿಸಿಕೊಟ್ಟರು.

ಆದ್ದರಿಂದ ಲಾಗ್ ಬರೆಯುವ ತಂತ್ರಾಂಶಗಳು ಇಂತಹ ಸಂಕೇತಗಳನ್ನು ಕಾಣುವ ರೂಪಕ್ಕೆ ತಿರುಗಿಸಿ ಬರೆಯುತ್ತವೆ. ಇದನ್ನು ನಾವು ಇಲ್ಲಿ ‘ಬದಲಿ ಸಂಕೇತ’ ಎಂದು ಕರೆದಿದ್ದೇವೆ. ಇಷ್ಟರವರೆಗೆ ವಿವಾದಕ್ಕೆ ಎಡೆಯಿಲ್ಲ. ತೊಡಕು ಆರಂಭವಾಗುವುದು 127ರಿಂದ ಆಚೆಗೆ, ಕನ್ನಡವಿರುವುದೂ ಅಲ್ಲಿಯೇ.

3. ಒಂದು ಸ್ಥಳನಾಮದ ನಿದರ್ಶನ

ವಡೋದರಾ ನಗರದ ವಾಯವ್ಯ ಭಾಗದಲ್ಲಿರುವ, ಕೈಗಾರಿಕಾ ವಸಾಹತಿನಿಂದ ಪ್ರಸಿದ್ಧವಾದ ಗೋರ್ವಾ ಎಂಬ ಬಡಾವಣೆಯ ಹೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ನೆಲೆಸಿದ ಸಂಶೋಧಕರೊಬ್ಬರು ಕನ್ನಡ ಗ್ರಂಥಸೂಚಿಯೊಂದಕ್ಕೆ ತಮ್ಮ ವಿಳಾಸವನ್ನು ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ ತುಂಬಿದರೆಂದು ಭಾವಿಸೋಣ. ಗುಜರಾತಿಯಲ್ಲಿ ಈ ಹೆಸರನ್ನು ‘ಗೋರವಾ’ ಎಂಬಂತೆ ಬರೆಯುತ್ತಾರೆ. ನಡುವಿನ ಅಕಾರ ಉಚ್ಚಾರಣೆಯಲ್ಲಿ ಲೋಪವಾಗುತ್ತದೆ, ಬರವಣಿಗೆಯಲ್ಲಿ ಒತ್ತಕ್ಷರವಿಲ್ಲ. ಕನ್ನಡಿಗರು ಕಿವಿಗೆ ಕೇಳಿದಂತೆ ‘ಗೋರ್ವಾ’ ಎಂದು ಅರ್ಕಾವೊತ್ತಿನೊಡನೆ ಬರೆಯುತ್ತಾರೆ.

ಯೂನಿಕೋಡ್ ಮಾನಕದಲ್ಲಿ ಕನ್ನಡದ ವಿಭಾಗವು 3200ರಿಂದ 3327ರವರೆಗೂ ಗುಜರಾತಿಯ ವಿಭಾಗವು 2688ರಿಂದ 2815ರವರೆಗೂ ಇದೆ. ಭಾರತೀಯ ಲಿಪಿಗಳಿಗೆ ಸಮಾನವಾದ ವಿನ್ಯಾಸವಿರುವುದರಿಂದ ಎರಡೂ ಲಿಪಿಗಳ ಸಂವಾದಿ ಅಕ್ಷರಗಳ ನಡುವೆ ಸದಾ 512 ಅಂತರವಿರುತ್ತದೆ: ಕನ್ನಡದ ಗಕಾರ 3223, ಗುಜರಾತಿಯ ಗಕಾರ 2711. ಕನ್ನಡದ ‘ಗೋರ್ವಾ’ ಎಂಬುದರಲ್ಲಿ ಗ (3223), ಓತ್ವದ ಚಿಹ್ನೆ (3275), ರ (3248), ಹಲಂತ (3277), ವ (3253), ದೀರ್ಘದ ಚಿಹ್ನೆ (3262) ಎಂಬ 6 ಸಂಕೇತಗಳಿವೆ. ಗುಜರಾತಿಯಲ್ಲಿ ಹಲಂತವಿಲ್ಲದ ಕಾರಣ 5 ಸಂಕೇತಗಳು ಮಾತ್ರ.

ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ‘ಯುಟಿಎಫ್-8’ ಎಂಬ ಪದ್ಧತಿಯಲ್ಲಿ ಈ ಲಿಪಿಗಳ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳಾಗಿ ಕಡತವನ್ನು ಸೇರುತ್ತದೆ. ಲಾಗ್‌ಗಳಲ್ಲಿ ಬೈಟನ್ನು ಎಂಟರ ಮಾನದ ಮೂರು ಅಂಕಿಗಳಲ್ಲಿ ತೋರಿಸುವ ಹಳೆಯ ರೂಢಿಯಿದೆ. ಆ ರೂಢಿಯಲ್ಲಿ ‘ಗೋರ್ವಾ’ ಎಂಬುದು ಹೀಗೆ ಕಾಣುತ್ತದೆ:

#340#262#227#340#263#213#340#262#260#340#263#215#340#262#265#340#262#276

ತೆರೆಯ ಮೇಲೆ ಎರಡಕ್ಷರದ ಪದವು 72 ಚಿಹ್ನೆಗಳಾಗಿ ಬೆಳೆದಿದೆ. ಇಂತಹ ಸಾಲನ್ನು ಕಂಡು ಕಡತ ಕೆಟ್ಟಿದೆಯೆಂದು ನಿರ್ಧರಿಸುವವರು ಅನೇಕರು. ವಾಸ್ತವವಾಗಿ ಪಾಠ ಅಖಂಡವಾಗಿ ಉಳಿದಿದೆ; ಓದುವ ಕ್ರಮವನ್ನು ತಿಳಿದರೆ ಸಾಕು. ಮೊದಲನೆಯ ಅಂಕಿ 340 ಭಾರತೀಯ ಲಿಪಿಗಳಿಗೆ ಸಾಮಾನ್ಯವಾಗಿ ಬರುವಂತಹುದು. ಎರಡನೆಯದು ಲಿಪಿಯನ್ನು ಸೂಚಿಸುತ್ತದೆ: 262 ಅಥವಾ 263 ಇದ್ದರೆ ಕನ್ನಡ, 260 ಅಥವಾ 261 ಇದ್ದರೆ ತೆಲುಗು, 252 ಅಥವಾ 253 ಇದ್ದರೆ ಗುಜರಾತಿ, 244 ಅಥವಾ 245 ಇದ್ದರೆ ದೇವನಾಗರಿ. ಮೂರನೆಯದು ಆ ಲಿಪಿಯೊಳಗಿನ ಅಕ್ಷರವನ್ನು ಸೂಚಿಸುತ್ತದೆ. ಕನ್ನಡದ ಗಕಾರ 340 262 227 ಆದರೆ ಗುಜರಾತಿಯದು 340 252 227. ಮಧ್ಯದ ಅಂಕಿ ಮಾತ್ರ ಭಿನ್ನ. ಲಿಪಿ ತಿಳಿಯದ ಸಂಶೋಧಕರೂ ಇದರಿಂದ ಸಂವಾದಿ ಅಕ್ಷರವನ್ನು ಗುರುತಿಸಬಹುದಾಗಿದೆ.

ಗಾತ್ರದ ಪ್ರಶ್ನೆಯೂ ಉಪೇಕ್ಷಣೀಯವಲ್ಲ. 2001ರಲ್ಲಿ ದಾಖಲಾದ ಹಳೆಯ ಸಿಸ್‌ಲಾಗ್ ನಿಯಮದಂತೆ ಒಂದು ಸಂದೇಶ 1024 ಬೈಟ್‌ಗಳನ್ನು ಮೀರುವಂತಿಲ್ಲ. ಅಷ್ಟರಲ್ಲಿ ಕನ್ನಡದ 341 ಸಂಕೇತಗಳು ಹಿಡಿಯುತ್ತವೆ. ಬದಲಿ ಸಂಕೇತದಲ್ಲಿ ಬರೆದರೆ 85 ಮಾತ್ರ. ಸಾಲು ಮಿತಿ ಮೀರಿ ಕತ್ತರಿಸಲ್ಪಟ್ಟಾಗ ಮೂರು ಬೈಟ್‌ಗಳ ನಡುವೆ ಕತ್ತರಿ ಬಿದ್ದರೆ ಕೊನೆಯ ಅಕ್ಷರ ತ್ರುಟಿತವಾಗುತ್ತದೆ.

4. ಲಾಗ್ ವ್ಯವಸ್ಥೆಗಳ ವರ್ತನೆ

‘ಸಿಸ್‌ಲಾಗ್’ ಎಂಬ ಪದ್ಧತಿಯನ್ನು 1980ರ ದಶಕದಲ್ಲಿ ಎರಿಕ್ ಆಲ್ಮನ್ ತಮ್ಮ ‘ಸೆಂಡ್‌ಮೇಲ್’ ಎಂಬ ಅಂಚೆ ತಂತ್ರಾಂಶದ ಅಂಗವಾಗಿ ರೂಪಿಸಿದರು. ಆ ಕಾಲದಲ್ಲಿ 127ರಿಂದ ಮೇಲಿನ ಬೈಟ್‌ಗಳಿಗೆ ಎಲ್ಲೆಡೆ ಒಪ್ಪಿತವಾದ ಅರ್ಥವಿರಲಿಲ್ಲ. 2009ರ ಪರಿಷ್ಕೃತ ನಿಯಮವು ಯುಟಿಎಫ್-8 ಸಂದೇಶಗಳಿಗೆ ಅವಕಾಶ ಕೊಟ್ಟಿದೆ; ಸಂದೇಶದ ಮೊದಲಲ್ಲಿ 65279 ಎಂಬ ಅಗೋಚರ ಸಂಕೇತವಿರಬೇಕೆಂದೂ, 32ಕ್ಕಿಂತ ಕೆಳಗಿನ ಸಂಕೇತಗಳನ್ನು ಕಳುಹಿಸದಿರುವುದು ಮೇಲೆಂದೂ, ಬಂದರೆ ಪಡೆಯುವವರು ಬದಲಿ ಸಂಕೇತದಲ್ಲಿ ಬರೆದುಕೊಳ್ಳಬಹುದೆಂದೂ ಹೇಳುತ್ತದೆ. ಕೆಲವು ಲಾಗ್‌ಗಳಲ್ಲಿ ಸಂದೇಶದ ಮೊದಲಿಗೆ #357#273#277 ಎಂಬುದು ಕಾಣಿಸಿಕೊಂಡರೆ ಅದು ಈ ನಿಯಮದ ಫಲವೇ ಹೊರತು ದೋಷವಲ್ಲ.

ಬಳಕೆಯಲ್ಲಿರುವ ವ್ಯವಸ್ಥೆಗಳ ನಡುವೆ ಏಕರೂಪತೆಯಿಲ್ಲ. ಲಿನಕ್ಸ್ ಗಣಕಗಳಲ್ಲಿ ಪ್ರಚುರವಾಗಿರುವ ‘ಆರ್‌ಸಿಸ್‌ಲಾಗ್’ ನಿಯಂತ್ರಣ ಸಂಕೇತಗಳನ್ನು ಸ್ವಯಂ ಬದಲಿಸುತ್ತದೆ. 9ನೆಯದು #011 ಎಂದೂ 10ನೆಯದು #012 ಎಂದೂ ಆಗುತ್ತದೆ. 127ರಿಂದ ಮೇಲಿನವುಗಳನ್ನು ಬದಲಿಸುವ ಆಯ್ಕೆ ಪ್ರತ್ಯೇಕವಾಗಿದ್ದು, ನಿರ್ವಾಹಕರು ಬಯಸಿದರೆ ಮಾತ್ರ ಜಾರಿಗೆ ಬರುತ್ತದೆ. ಅದನ್ನು ಜಾರಿಗೊಳಿಸಿದರೆ ಜಪಾನಿ, ಚೀನಿ, ಕೊರಿಯನ್ ಮುಂತಾದ ಲಿಪಿಗಳ ಪಠ್ಯ ಕೆಡುವುದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಕನ್ನಡಕ್ಕೂ ಇದು ಅನ್ವಯಿಸುತ್ತದೆ. ‘ಸಿಸ್ಟಂಡಿ’ಯ ಜರ್ನಲ್ ಸಂದೇಶವನ್ನು ಮೂಲರೂಪದಲ್ಲಿಯೇ ಸಂಗ್ರಹಿಸಿ, ಪ್ರದರ್ಶಿಸುವಾಗ ಅದರಲ್ಲಿ ನಿಷಿದ್ಧ ಸಂಕೇತವಿದ್ದರೆ ಇಡೀ ಸಂದೇಶದ ಬದಲು ಇಂತಿಷ್ಟು ಬೈಟ್‌ಗಳ ದತ್ತಾಂಶವಿದೆ ಎಂಬ ಒಂದು ಸೂಚನೆಯನ್ನು ಮಾತ್ರ ಕೊಡುತ್ತದೆ, ಎಲ್ಲವನ್ನೂ ತೋರಿಸೆಂಬ ಆಯ್ಕೆಯನ್ನು ಸೇರಿಸಿದರೆ ಮೂಲ ದೊರೆಯುತ್ತದೆ. ಜಾಲತಾಣಗಳನ್ನು ನಡೆಸುವ ‘ಎನ್‌ಜಿನೆಕ್ಸ್’ ತಂತ್ರಾಂಶವು ಸಾಮಾನ್ಯ ಸ್ಥಿತಿಯಲ್ಲಿ 32ಕ್ಕಿಂತ ಕೆಳಗಿನ ಹಾಗೂ 126ಕ್ಕಿಂತ ಮೇಲಿನ ಎಲ್ಲ ಬೈಟ್‌ಗಳನ್ನೂ ಬದಲಿಸುವುದರಿಂದ ಅಲ್ಲಿ ಕನ್ನಡವೆಲ್ಲ ಅಂಕಿಗಳಾಗಿಯೇ ಕಾಣುತ್ತದೆ.

ಫ್ರೀಬಿಎಸ್‌ಡಿ ವ್ಯವಸ್ಥೆಯ ಲಾಗ್ ತಂತ್ರಾಂಶದ ವರ್ತನೆ ವಿಶೇಷವಾದುದು. 128ರಿಂದ 159ರವರೆಗಿನ ಬೈಟ್‌ಗಳು ಹಳೆಯ ಎಂಟು ಬಿಟ್‌ಗಳ ಮಾನಕಗಳಲ್ಲಿ ಎರಡನೆಯ ವರ್ಗದ ನಿಯಂತ್ರಣ ಸಂಕೇತಗಳಾಗಿದ್ದವು. ಈ ತಂತ್ರಾಂಶವು ಬೇರೆ ಆಯ್ಕೆ ಕೊಡದಿದ್ದರೆ ಅವುಗಳನ್ನು ಬದಲಿಸುತ್ತದೆ. ‘ಗೋರ್ವಾ’ ಪದದ ಆರು ಸಂಕೇತಗಳ ಕೊನೆಯ ಬೈಟ್‌ಗಳು ಹತ್ತರ ಮಾನದಲ್ಲಿ ಕ್ರಮವಾಗಿ 151, 139, 176, 141, 181, 190. ಇವುಗಳಲ್ಲಿ 151, 139, 141 ಮೂರೂ ಆ ವ್ಯಾಪ್ತಿಯೊಳಗಿವೆ. ಫಲವಾಗಿ ಗಕಾರ, ಓತ್ವ, ಹಲಂತಗಳು ಒಡೆದು, ರ, ವ, ದೀರ್ಘಗಳು ಉಳಿಯುತ್ತವೆ. ಗೆದ್ದಲು ತಿಂದ ಓಲೆಯಂತೆ ಪದವು ಅಲ್ಲಲ್ಲಿ ಮಾತ್ರ ಓದಲು ಸಿಗುತ್ತದೆ.

ಇದೇ ವ್ಯಾಪ್ತಿಯ 155ನೆಯ ಬೈಟ್ ಹಳೆಯ ಟರ್ಮಿನಲ್‌ಗಳಲ್ಲಿ ಆದೇಶದ ಆರಂಭವನ್ನು ಸೂಚಿಸುತ್ತಿತ್ತು. ಯುಟಿಎಫ್-8ರಲ್ಲಿ ಛಕಾರದ ಮೂರನೆಯ ಬೈಟ್ 155 ಆಗಿರುವುದು ಗಮನಾರ್ಹ. ಕನ್ನಡದಲ್ಲಿ ಛಂದಸ್ಸು, ಛಾಯೆ ಎಂಬಂತಹ ಕೆಲವೇ ಪದಗಳಲ್ಲಿ ಈ ಅಕ್ಷರ ಬರುತ್ತದೆ. ಗುಜರಾತಿಯಲ್ಲಾದರೋ ‘ಇದೆ’ ಎಂಬ ಅರ್ಥದ ‘ಛೇ’ ಎಂಬ ಕ್ರಿಯಾಪದ ಅಸಂಖ್ಯ ವಾಕ್ಯಗಳ ಕೊನೆಯಲ್ಲಿ ಬರುತ್ತದೆ. ಯುಟಿಎಫ್-8 ಅರಿಯದ ಟರ್ಮಿನಲ್‌ನಲ್ಲಿ ಗುಜರಾತಿ ಲಾಗನ್ನು ತೆರೆದವರಿಗೆ ತೆರೆ ಚೆಲ್ಲಾಪಿಲ್ಲಿಯಾಗಿ ಕಂಡರೆ ಕಾರಣ ಕಡತದಲ್ಲಿಲ್ಲ, ಓದುವ ಸಾಧನದಲ್ಲಿದೆ.

5. ಸಂಯೋಜಕ ಮತ್ತು ವಿಯೋಜಕ

ಇದುವರೆಗೆ ಹೇಳಿದುದು ಕಾಣಬೇಕಾದ ಅಕ್ಷರವನ್ನು ಯಂತ್ರ ಕಾಣದಿರುವ ಪರಿಯನ್ನು. ಇನ್ನು ಸ್ವಭಾವತಃ ಕಾಣದ, ಆದರೂ ಕನ್ನಡ ಬರವಣಿಗೆಗೆ ಅವಶ್ಯವಾದ ಎರಡು ಸಂಕೇತಗಳನ್ನು ಪರಿಶೀಲಿಸಬೇಕು. ಯೂನಿಕೋಡಿನ 8205ನೆಯದನ್ನು (ಜೀರೋ ವಿಡ್ತ್ ಜಾಯ್ನರ್) ‘ಸಂಯೋಜಕ’ವೆಂದೂ 8204ನೆಯದನ್ನು (ಜೀರೋ ವಿಡ್ತ್ ನಾನ್ ಜಾಯ್ನರ್) ‘ವಿಯೋಜಕ’ವೆಂದೂ ಇಲ್ಲಿ ಕರೆಯುತ್ತೇವೆ. ಎರಡಕ್ಕೂ ಅಗಲವಿಲ್ಲ.

ರಕಾರದ ಮುಂದೆ ಹಲಂತ, ಅದರ ಮುಂದೆ ವಕಾರ ಬಂದರೆ ಅರ್ಕಾವೊತ್ತಿನ ರೂಪ ದೊರೆಯುತ್ತದೆ: ಗೋರ್ವಾ. ರಕಾರಕ್ಕೂ ಹಲಂತಕ್ಕೂ ನಡುವೆ ಸಂಯೋಜಕವಿಟ್ಟರೆ ರಕಾರ ಪೂರ್ಣವಾಗಿ ನಿಂತು ವಕಾರ ಒತ್ತಾಗುತ್ತದೆ: ಗೋರ‍್ವಾ. ಹಲಂತದ ನಂತರ ವಿಯೋಜಕವಿಟ್ಟರೆ ಎರಡೂ ಬಿಡಿಯಾಗುತ್ತವೆ: ಗೋರ್‌ವಾ. ಉಚ್ಚಾರಣೆ ಒಂದೇ, ಬರಹದ ಪಾಠಗಳು ಮೂರು. ಹಳೆಯ ಮುದ್ರಣವೊಂದನ್ನು ಯಥಾವತ್ತಾಗಿ ಗಣಕಕ್ಕೆ ಇಳಿಸುವ ಸಂಪಾದಕರಿಗೆ ‘ಸೂರ್ಯ’, ‘ಸೂರ‍್ಯ’ ಎಂಬ ರೂಪಭೇದ ಮುಖ್ಯವಾಗಬಹುದು. ಶಬ್ದಗಳ ಸಂಖ್ಯೆಯನ್ನು ಎಣಿಸುವವರಿಗೆ ಎರಡೂ ಒಂದೇ ಆಗಬೇಕು. ಯಂತ್ರಕ್ಕಾದರೋ ಅವು ಬೇರೆ ಬೇರೆ ಪದಗಳು. ಒಂದನ್ನು ಹುಡುಕಿದರೆ ಮತ್ತೊಂದು ಸಿಗದಿರಬಹುದು.

ವಿಯೋಜಕದ ಪ್ರಯೋಜನವನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ‘ಲಾಗ್‌ಗಳಲ್ಲಿ’, ‘ಟರ್ಮಿನಲ್‌ನಲ್ಲಿ’ ಎಂದು ಈ ಲೇಖನದಲ್ಲಿಯೇ ಬರೆದಿದ್ದೇವೆ. ಅನ್ಯಭಾಷೆಯ ವ್ಯಂಜನಾಂತ ಪದಕ್ಕೆ ಕನ್ನಡದ ಪ್ರತ್ಯಯ ಹತ್ತುವಾಗ ನಡುವೆ ವಿಯೋಜಕವಿಲ್ಲದಿದ್ದರೆ ‘ಟರ್ಮಿನಲ್ನಲ್ಲಿ’ ಎಂದಾಗಿ ಓದುವಿಕೆ ತೊಡಕಾಗುತ್ತದೆ. ಆದರೆ ಇದೇ ವಿಯೋಜಕವು ‘ಲಾಗ್’ ಎಂಬ ಪದದ ಕೊನೆಯಲ್ಲಿ, ಮುಂದೆ ಯಾವ ಅಕ್ಷರವೂ ಇಲ್ಲದಾಗ, ಬಂದರೆ ರೂಪದಲ್ಲಿ ಯಾವ ವ್ಯತ್ಯಾಸವೂ ಕಾಣದು. ಟಂಕಿಸುವ ಅಭ್ಯಾಸದಿಂದಲೋ ಫಾಂಟ್ ಪರಿವರ್ತಕಗಳಿಂದಲೋ ಇಂತಹ ನಿಷ್ಪ್ರಯೋಜಕ ವಿಯೋಜಕಗಳು ಕನ್ನಡ ಕಡತಗಳನ್ನು ಸೇರುತ್ತವೆ. ಹುಡುಕಾಟ ವಿಫಲವಾಗಿ, ಪದ ತೆರೆಯ ಮೇಲೆ ಕಣ್ಣೆದುರಿಗೇ ಇದ್ದರೂ ‘ದೊರೆಯಲಿಲ್ಲ’ ಎಂಬ ಉತ್ತರ ಬರುವುದು ಇದರಿಂದಲೇ.

ಪರಿಹಾರವೆಂದು ಇವನ್ನೆಲ್ಲ ಅಳಿಸಿಬಿಡುವ ತಂತ್ರಾಂಶಗಳಿವೆ. ಅದು ಸಾಧುವಲ್ಲ. ಅಳಿಸಿದರೆ ನಿರರ್ಥಕವಾದುದರೊಡನೆ ಸಾರ್ಥಕವಾದುದೂ ಹೋಗುತ್ತದೆ. ಯೂನಿಕೋಡಿನ ‘ಸಾಮಾನ್ಯೀಕರಣ’ ಕ್ರಿಯೆಯೂ ಇಲ್ಲಿ ನೆರವಾಗದು. ಓತ್ವದ ಚಿಹ್ನೆಯನ್ನು ಎತ್ವ, ಊತ್ವ, ದೀರ್ಘ ಎಂಬ ಮೂರು ಬಿಡಿ ಚಿಹ್ನೆಗಳಾಗಿ ಟಂಕಿಸಿದ್ದರೆ ಆ ಕ್ರಿಯೆ ಅವುಗಳನ್ನು ಒಂದಾಗಿಸುತ್ತದೆ. ಸಂಯೋಜಕ ವಿಯೋಜಕಗಳನ್ನು ಮುಟ್ಟುವುದಿಲ್ಲ. ಆದ್ದರಿಂದ ಅವುಗಳನ್ನು ಪಠ್ಯದಲ್ಲಿ ಉಳಿಸಿ, ಹುಡುಕಾಟದ ಸೂಚಿಯಲ್ಲಿ ಮಾತ್ರ ನಿರ್ಲಕ್ಷಿಸಿ, ಲಾಗಿನಲ್ಲಿ #342#200#215, #342#200#214 ಎಂಬಂತೆ ಪ್ರಕಟವಾಗಿ ತೋರಿಸುವುದು ಉಚಿತ.

ಕಾಣದ ಈ ಸಂಕೇತಗಳ ಬಲವನ್ನು ಲೋಕಕ್ಕೆ ತೋರಿಸಿದ್ದು ನಮ್ಮ ನೆರೆಯ ಲಿಪಿ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಅಕ್ಷರವು ನಡುವೆ ವಿಯೋಜಕವನ್ನು ಒಳಗೊಂಡು ಸಂದೇಶವಾಗಿ ಬಂದಾಗ ಆಪಲ್ ಸಂಸ್ಥೆಯ ಐಫೋನ್‌ಗಳಲ್ಲಿ ತಂತ್ರಾಂಶವೇ ಸ್ಥಗಿತಗೊಳ್ಳುತ್ತಿತ್ತು. ಆ ತಿಂಗಳಲ್ಲಿಯೇ ಸಂಸ್ಥೆ ಅದನ್ನು ಸರಿಪಡಿಸಿತು. ಇಂತಹ ಪ್ರಸಂಗದಲ್ಲಿ ಲಾಗ್ ಕೇವಲ ‘ಜ್ಞಾ’ ಎಂದು ದಾಖಲಿಸಿದ್ದರೆ ಕಾರಣ ಹೊಳೆಯುವುದೆಂತು? ಒಳಗಿನ ವಿಯೋಜಕವನ್ನು ಅಂಕಿಯಾಗಿ ತೋರಿಸುವ ಲಾಗ್ ಮಾತ್ರ ಅಲ್ಲಿ ನೆರವಾಗಬಲ್ಲದು.

6. ಹಳಗನ್ನಡದ ಅಕ್ಷರಗಳು

ಮುದ್ರಣಯೋಗ್ಯತೆ ಯಂತ್ರದ ತೀರ್ಮಾನವೆಂಬುದಕ್ಕೆ ಹಳಗನ್ನಡ ಅಧ್ಯಯನದಿಂದಲೇ ಒಂದು ಪ್ರಬಲ ಆಧಾರ ದೊರೆಯುತ್ತದೆ. ಸ್ವರರಹಿತ ನಕಾರವನ್ನು ಬರೆಯಲು ಹಿಂದೆ ಬಳಕೆಯಲ್ಲಿದ್ದ ವಿಶೇಷ ರೂಪಕ್ಕೆ ‘ನಕಾರ ಪೊಲ್ಲು’ ಎಂದು ಹೆಸರು. ಇದು 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 14ನೆಯ ಆವೃತ್ತಿಯಲ್ಲಿ 3293ನೆಯ ಸ್ಥಾನವನ್ನು ಪಡೆಯಿತು. ಪೈಥಾನ್ ಎಂಬ ಗಣಕ ಭಾಷೆಯ 3.10ನೆಯ ಆವೃತ್ತಿ ಯೂನಿಕೋಡಿನ 13ನೆಯ ಆವೃತ್ತಿಯನ್ನೂ, 3.11ನೆಯದು 14ನೆಯದನ್ನೂ ಆಧರಿಸಿದೆ. ಒಂದೇ ಶಾಸನಪಾಠವನ್ನು ಎರಡರಲ್ಲಿಯೂ ಲಾಗಿಗೆ ಬದಲಿ ಸಂಕೇತದ ಕ್ರಮದಲ್ಲಿ ಬರೆಸಿದರೆ ಮೊದಲನೆಯದು ಈ ಅಕ್ಷರವನ್ನು ಮುದ್ರಣಯೋಗ್ಯವಲ್ಲವೆಂದು ಅಂಕಿಯಾಗಿಸುತ್ತದೆ. ಎರಡನೆಯದು ಅಕ್ಷರವಾಗಿಯೇ ಬರೆಯುತ್ತದೆ. ಓಲೆಗರಿಯ ಮೇಲೆ ಶತಮಾನಗಳ ಕಾಲ ಬಾಳಿದ ಅಕ್ಷರ ಯಂತ್ರದ ಆವೃತ್ತಿಯೊಂದರಲ್ಲಿ ಅಗೋಚರವಾಗಿತ್ತು, ಮುಂದಿನದರಲ್ಲಿ ಗೋಚರವಾಯಿತು. ಮೊದಲನೆಯ ಯಂತ್ರವು ತನಗೆ ತಿಳಿಯದ ಸಂಕೇತವನ್ನು ಅಳಿಸುವಂತಿದ್ದರೆ ಆ ಪಾಠ ಶಾಶ್ವತವಾಗಿ ಹೋಗುತ್ತಿತ್ತು. ಅಂಕಿಯಾಗಿ ಬರೆದ ಕಾರಣ ಈಗಲೂ ಮರಳಿ ಪಡೆಯಬಹುದು.

ಪಂಪ, ರನ್ನರ ಕಾಲದ ‘ೞ’ ಅಕ್ಷರದ ಸಮಸ್ಯೆ ಬೇರೆಯದು. 3294ನೆಯ ಸ್ಥಾನದಲ್ಲಿರುವ ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವ ಕಾರಣ, ಸರಿಯಾದ ಹೆಸರನ್ನು ಪರ್ಯಾಯನಾಮಗಳ ಪಟ್ಟಿಯಲ್ಲಿ ಮಾತ್ರ ಸೇರಿಸಲಾಗಿದೆ. ಅಕ್ಷರದ ಬದಲು ಅದರ ಹೆಸರನ್ನು ಲಾಗಿಗೆ ಬರೆಯುವ ವಿಧಾನವೂ ಪೈಥಾನಿನಲ್ಲಿದೆ. ಆ ವಿಧಾನದಲ್ಲಿ ಹಳಗನ್ನಡ ಕಾವ್ಯದ ಪ್ರತಿಯೊಂದು ‘ೞ’ವೂ ‘ಫಾ’ ಎಂದು ದಾಖಲಾಗುತ್ತದೆ. ಅದನ್ನು ನಂಬಿ ಹಳಗನ್ನಡದಲ್ಲಿ ಫಕಾರದ ಪ್ರಾಚುರ್ಯವನ್ನು ಕುರಿತು ಯಾರೂ ಬರೆಯದಿರಲಿ ಎಂದು ಆಶಿಸುತ್ತೇವೆ. ಹೆಸರಿಗಿಂತ ಅಂಕಿಯೇ ವಿಶ್ವಾಸಾರ್ಹ.

7. ಯೂನಿಕೋಡ್ ಪೂರ್ವದ ಕಡತಗಳು

ಹಳೆಯ ಕಡತಗಳನ್ನು ಪರಿವರ್ತಿಸುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. 1991ರ ಭಾರತೀಯ ಮಾನಕವಾದ ‘ಇಸ್ಕಿ’ಯಲ್ಲಿ ಎಲ್ಲ ಬ್ರಾಹ್ಮೀಮೂಲದ ಲಿಪಿಗಳಿಗೂ ಸಮಾನ ಬೈಟ್‌ಗಳಿದ್ದವು. ಗಕಾರ ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ 181 ಆಗಿತ್ತು. ಲಿಪಿ ಯಾವುದೆಂಬುದನ್ನು 239 ಎಂಬ ಅಗೋಚರ ಸಂಕೇತವೂ ಅದರ ಮುಂದಿನ ಬೈಟೂ ನಿರ್ಧರಿಸುತ್ತಿದ್ದವು: 72 ಇದ್ದರೆ ಕನ್ನಡ, 74 ಇದ್ದರೆ ಗುಜರಾತಿ. ಮುದ್ರಣಯೋಗ್ಯವಲ್ಲವೆಂದು 239ನ್ನು ತೆಗೆದುಹಾಕಿದರೆ ಲಿಪಿಯ ಗುರುತೇ ಹೋಗಿ, ಉಳಿದ 72 ರೋಮನ್ ಲಿಪಿಯ ‘ಎಚ್’ ಅಕ್ಷರವಾಗಿ ಪಠ್ಯದ ನಡುವೆ ಅನಾಥವಾಗಿ ನಿಲ್ಲುತ್ತದೆ.

‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳಿಗೆ ಸಂಕೇತ ಕೊಟ್ಟಿದ್ದರು. ಅಲ್ಲಿ ‘ಕನ್ನಡ’ ಎಂಬ ಪದ 80, 192, 163, 192, 223, 113, 192 ಎಂಬ 7 ಬೈಟ್‌ಗಳಾಗುತ್ತಿತ್ತು. ಇವುಗಳಲ್ಲಿ ಆಸ್ಕಿಯ ಮುದ್ರಣಯೋಗ್ಯ ವ್ಯಾಪ್ತಿಯಲ್ಲಿರುವುವು 80 ಮತ್ತು 113 ಮಾತ್ರ. ಅವು ರೋಮನ್ ಲಿಪಿಯ ‘ಪಿ’ ಮತ್ತು ‘ಕ್ಯೂ’. ಉಳಿದವನ್ನು ಅಳಿಸುವ ಲಾಗಿನಲ್ಲಿ ನಮ್ಮ ಭಾಷೆಯ ಹೆಸರು ಈ ಎರಡು ರೋಮನ್ ಅಕ್ಷರಗಳಾಗಿ ಉಳಿಯುತ್ತದೆ. ಅದರಿಂದ ಮೂಲವನ್ನು ಊಹಿಸಲು ಯಾವ ಪಂಡಿತನಿಗೂ ಸಾಧ್ಯವಿಲ್ಲ.

8. ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯಿಂದ ಸಂಶೋಧಕರಿಗೆ ಉಪಯುಕ್ತವಾಗಬಹುದಾದ ಕೆಲವು ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಯಾವ ಸಂಕೇತವನ್ನೂ ಸದ್ದಿಲ್ಲದೆ ಅಳಿಸಬಾರದು. ಪ್ರಶ್ನಾರ್ಥಕ ಚಿಹ್ನೆಯನ್ನೋ ಖಾಲಿ ಚೌಕವನ್ನೋ ಇಡುವುದೂ ಅಳಿಸಿದಂತೆಯೇ. ಏನಿತ್ತೆಂಬುದು ಅದರಿಂದ ತಿಳಿಯದು.

ಎರಡನೆಯದಾಗಿ, ಬದಲಿ ಸಂಕೇತದಿಂದ ಮೂಲವನ್ನು ಮರಳಿ ಪಡೆಯುವಂತಿರಬೇಕು. ಬಳಕೆದಾರರೇ ‘#340’ ಎಂದು ಅಂಕಿಗಳಲ್ಲಿ ಟಂಕಿಸಿದ್ದರೆ ಅದಕ್ಕೂ ಯಂತ್ರವು ಬದಲಿಸಿ ಬರೆದುದಕ್ಕೂ ವ್ಯತ್ಯಾಸ ಉಳಿಯಬೇಕು. ಇದಕ್ಕಾಗಿ ಬದಲಾವಣೆಯನ್ನು ಸೂಚಿಸುವ ಚಿಹ್ನೆಯನ್ನೂ ಬದಲಿಸಿ ಬರೆಯುವುದು ಅಗತ್ಯ. ‘ಅಪಾಚೆ’ ತಂತ್ರಾಂಶದಲ್ಲಿ ಓರೆಗೆರೆಯು ಬದಲಾವಣೆಯ ಸೂಚಕವಾಗಿದ್ದು, ಮೂಲದಲ್ಲಿಯೇ ಓರೆಗೆರೆಯಿದ್ದರೆ ಅದನ್ನು ಎರಡಾಗಿ ಬರೆಯುತ್ತಾರೆ. ಇದು ಅನುಕರಣೀಯ.

ಮೂರನೆಯದಾಗಿ, ನಿಯಂತ್ರಣ ಸಂಕೇತಗಳನ್ನು ಬರೆಯುವಾಗಲೇ ಬದಲಿಸಬೇಕು; ಕನ್ನಡ ಮೊದಲಾದ ಲಿಪಿಗಳ ಅಕ್ಷರಗಳನ್ನು ಹಾಗೆಯೇ ಉಳಿಸಬೇಕು; ಸಂಯೋಜಕ ವಿಯೋಜಕಗಳನ್ನು ಕಡತದಲ್ಲಿ ಉಳಿಸಿ, ಪ್ರದರ್ಶಿಸುವಾಗ ತೋರಿಸಬೇಕು. ಈ ಮೂರು ವರ್ಗಗಳನ್ನು ಒಂದೇ ಕೋಲಿನಿಂದ ಅಳೆಯುವುದೇ ಬಹುಪಾಲು ತೊಡಕುಗಳ ಮೂಲ.

ನಾಲ್ಕನೆಯದಾಗಿ, ಲಾಗನ್ನು ಸಂಶಯವಿದ್ದಲ್ಲಿ ಬೈಟ್‌ಗಳ ರೂಪದಲ್ಲಿಯೇ ಓದಬೇಕು. ಲಿನಕ್ಸ್ ಮತ್ತು ಯುನಿಕ್ಸ್ ಗಣಕಗಳಲ್ಲಿರುವ ‘ಓಡಿ’ ಎಂಬ ಆದೇಶವನ್ನು ‘-ಬಿ’ ಎಂಬ ಆಯ್ಕೆಯೊಡನೆ ಕೊಟ್ಟರೆ ಪ್ರತಿಯೊಂದು ಬೈಟೂ ಎಂಟರ ಮಾನದ ಮೂರಂಕಿಗಳಲ್ಲಿ ಮೂಡುತ್ತದೆ. 262, 263ಗಳ ಸಾಲಿನ ನಡುವೆ 342 200 ಕಂಡರೆ ಅಲ್ಲಿ ಸಂಯೋಜಕವೋ ವಿಯೋಜಕವೋ ಇರುವ ಸಂಭವವುಂಟು. ಮುಂದಿನ ಅಂಕಿ 215 ಆಗಿದ್ದರೆ ಸಂಯೋಜಕ, 214 ಆಗಿದ್ದರೆ ವಿಯೋಜಕ.

ಐದನೆಯದಾಗಿ, ಗಣಕೀಕೃತ ಪಠ್ಯವನ್ನು ಆಧರಿಸಿ ಪದಗಳ ಸಂಖ್ಯೆಯನ್ನೋ ಆವರ್ತನವನ್ನೋ ಪ್ರಕಟಿಸುವಾಗ, ಸಂಯೋಜಕ ವಿಯೋಜಕಗಳನ್ನು ಎಣಿಕೆಯಲ್ಲಿ ಹೇಗೆ ಪರಿಗಣಿಸಲಾಯಿತು, ಯೂನಿಕೋಡಿನ ಯಾವ ಆವೃತ್ತಿಯನ್ನು ಬಳಸಲಾಯಿತು ಎಂಬುದನ್ನು ನಮೂದಿಸಬೇಕು. ಇವಿಲ್ಲದ ಅಂಕಿಸಂಖ್ಯೆಗಳನ್ನು ಮತ್ತೊಬ್ಬರು ಪರೀಕ್ಷಿಸಲಾಗದು.

ಈ ಸೂತ್ರಗಳು ನಮ್ಮ ಗ್ರಂಥಸಂಪಾದನ ಶಾಸ್ತ್ರಕ್ಕೆ ಹೊಸವಲ್ಲ. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಸಿಸಿದವರಿಗೆ ಪಾಠಾಂತರಗಳನ್ನು ತೂಗಿ ನೋಡುವ ಶಿಸ್ತು ಪರಿಚಿತವಾದುದೇ. ವಡೋದರಾದ ಪ್ರಾಚ್ಯವಿದ್ಯಾ ಮಂದಿರವು 1960ರಿಂದ 1975ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯಲ್ಲಿ ಸ್ವೀಕೃತ ಪಾಠ ಮೇಲಿದ್ದು, ಕೈಬಿಟ್ಟ ಪಾಠಾಂತರಗಳು ಪುಟದ ಕೆಳಗೆ ಸ್ಥಾನ ಪಡೆದಿವೆ. ಸಂಪಾದಕರು ಒಪ್ಪದ ಪಾಠವನ್ನೂ ಓದುಗರು ಪರೀಕ್ಷಿಸಲು ಅಲ್ಲಿ ಅವಕಾಶವಿದೆ. ಲಾಗ್ ವ್ಯವಸ್ಥೆಯನ್ನು ನಿರ್ಮಿಸುವವರಿಂದಲೂ ನಿರ್ವಹಿಸುವವರಿಂದಲೂ ನಾವು ಕೇಳಬೇಕಾದುದು ಇಷ್ಟನ್ನೇ. ಹೊರನಾಡಿನ ವಿಶ್ವವಿದ್ಯಾನಿಲಯಗಳ ಗಣಕಗಳಲ್ಲಿ ಕನ್ನಡ ಪಠ್ಯವನ್ನು ಇಡುತ್ತಿರುವ ಸಂಶೋಧಕರು ತಮ್ಮ ಗಣಕ ವಿಭಾಗದವರೊಡನೆ ಈ ವಿಷಯವನ್ನು ಚರ್ಚಿಸಿ, 127ರಿಂದ ಮೇಲಿನ ಬೈಟ್‌ಗಳ ಬಗೆಗೆ ಅಲ್ಲಿನ ಲಾಗ್ ಯಾವ ಕ್ರಮವನ್ನು ಅನುಸರಿಸುತ್ತಿದೆಯೆಂದು ಕೇಳಿ ತಿಳಿದು, ಪಠ್ಯದೊಡನೆಯೇ ಆ ವಿವರವನ್ನೂ ಬರೆದಿಟ್ಟುಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.